ತೂಕ ಮೊದಲು, ಚೀಟಿ ಆಮೇಲೆ: ಫುಟ್‌ಬಾಲ್ ಮ್ಯಾನೇಜರ್ ಆಟದ ಮೂಲಕ ಸರಾಸರಿಯ ಪಾಠ

ಹತ್ತನೆಯ ತರಗತಿಯ ಗಣಿತದಲ್ಲಿ ಸಂಖ್ಯಾಶಾಸ್ತ್ರ ಎಂದರೆ ಮಕ್ಕಳಿಗೆ ‘ಅಂಕ ಕೊಡುವ ಪಾಠ’. ಕೋಷ್ಟಕ ಬರೆಯಬೇಕು, ಪ್ರಾಪ್ತಾಂಕವನ್ನು ಆವೃತ್ತಿಯಿಂದ ಗುಣಿಸಬೇಕು, ಗುಣಲಬ್ಧಗಳನ್ನು ಕೂಡಬೇಕು, ಒಟ್ಟು ಆವೃತ್ತಿಯಿಂದ ಭಾಗಿಸಬೇಕು. ಈ ಕ್ರಮ ಎಲ್ಲರಿಗೂ ಬಾಯಿಪಾಠ. ಆದರೆ ‘ಆವೃತ್ತಿಯಿಂದ ಏಕೆ ಗುಣಿಸುತ್ತೇವೆ?’ ಎಂದು ಕೇಳಿದರೆ ಅಭ್ಯಾಸ ಬೋಧನೆಯ ತರಗತಿಯಲ್ಲಿ ನನಗೆ ಸಿಕ್ಕ ಉತ್ತರ: ‘ಅದು ಎರಡನೇ ಕಾಲಂ ಮಿಸ್, ಅದಕ್ಕೆ.’ ಉತ್ತರ ಕೊಟ್ಟ ಹುಡುಗ ಲೆಕ್ಕವನ್ನು ಸರಿಯಾಗಿಯೇ ಮಾಡಿದ್ದ.

ಆ ಎರಡನೇ ಕಾಲಂನಲ್ಲಿ ಏನಿದೆ ಎಂದು ತಿಳಿಸಲು ನಾನು ಆರಿಸಿಕೊಂಡದ್ದು ಒಂದು ಕಂಪ್ಯೂಟರ್ ಆಟದ ಒಳಲೆಕ್ಕವನ್ನು. ತರಗತಿಯಲ್ಲಿ ಕಂಪ್ಯೂಟರ್ ಇರಲಿಲ್ಲ, ಬೇಕಾಗಲೂ ಇಲ್ಲ. ರಟ್ಟಿನ ಚೀಟಿಗಳು ಸಾಕಾದವು. ಮೂರು ಅವಧಿಗಳ ಆ ಪಾಠದ ಯೋಜನೆ, ತರಗತಿಯಲ್ಲಿ ನಡೆದದ್ದು ಮತ್ತು ಮೌಲ್ಯಮಾಪನದ ಬಗ್ಗೆ ಅದು ಎತ್ತಿದ ಪ್ರಶ್ನೆ ಈ ಲೇಖನದ ವಿಷಯ.

ಆಟದ ಪರಿಚಯ

ಫುಟ್‌ಬಾಲ್ ಮ್ಯಾನೇಜರ್ ಆಟದಲ್ಲಿ ನಾವು ಚೆಂಡನ್ನು ಒದೆಯುವುದಿಲ್ಲ. ನಾವು ತಂಡದ ವ್ಯವಸ್ಥಾಪಕರು. ಆಟಗಾರರನ್ನು ಆರಿಸುವುದು, ತರಬೇತಿ ಕೊಡಿಸುವುದು, ತಂತ್ರ ರೂಪಿಸುವುದು ನಮ್ಮ ಕೆಲಸ. ಪಂದ್ಯವನ್ನು ಕಂಪ್ಯೂಟರ್ ಆಡಿಸಿ ತೋರಿಸುತ್ತದೆ. ಇಂಗ್ಲೆಂಡಿನ ಪಾಲ್ ಕಾಲಿಯರ್ ಮತ್ತು ಆಲಿವರ್ ಕಾಲಿಯರ್ ಎಂಬ ಸಹೋದರರು ರೂಪಿಸಿದ ಚಾಂಪಿಯನ್‌ಶಿಪ್ ಮ್ಯಾನೇಜರ್ 1992ರಲ್ಲಿ ಹೊರಬಂತು. ಅವರ ಸಂಸ್ಥೆ ಸ್ಪೋರ್ಟ್ಸ್ ಇಂಟರ್‌ಆಕ್ಟಿವ್ 2004ರಿಂದ ಅದೇ ಬಗೆಯ ಆಟವನ್ನು ಫುಟ್‌ಬಾಲ್ ಮ್ಯಾನೇಜರ್ ಎಂಬ ಹೆಸರಿನಲ್ಲಿ ತರುತ್ತಿದೆ.

ಆಟದಲ್ಲಿ ಪ್ರತಿಯೊಬ್ಬ ಆಟಗಾರನಿಗೂ ಒಂದು ಪುಟವಿದೆ. ಗೋಲ್‌ಕೀಪರ್ ಅಲ್ಲದ ಆಟಗಾರನ ಪುಟದಲ್ಲಿ 36 ಗುಣಗಳು ಕಾಣುತ್ತವೆ: ಪಾಸ್ ಕೊಡುವುದು, ಗೋಲಿಗೆ ಹೊಡೆಯುವುದು ಮುಂತಾದ ಕೌಶಲದ ಗುಣಗಳು 14, ನಿರ್ಧಾರ, ಏಕಾಗ್ರತೆ, ಧೈರ್ಯ ಮುಂತಾದ ಮಾನಸಿಕ ಗುಣಗಳು 14, ವೇಗ, ದಮ್ಮು, ಜಿಗಿತ ಮುಂತಾದ ದೈಹಿಕ ಗುಣಗಳು 8. ಪ್ರತಿ ಗುಣಕ್ಕೂ 1ರಿಂದ 20ರವರೆಗೆ ಒಂದು ಸಂಖ್ಯೆ. ಈ ಸಂಖ್ಯೆಗಳನ್ನು ಯಂತ್ರ ತಾನಾಗಿ ಹುಟ್ಟಿಸಿದ್ದಲ್ಲ. ನಿಜವಾದ ಆಟಗಾರರನ್ನು ನೋಡಿದ ಜನ ಬೇರೆ ಬೇರೆ ದೇಶಗಳಿಂದ ಅಂದಾಜು ಮಾಡಿ ಕೊಟ್ಟದ್ದು. ಈ ದತ್ತಾಂಶ ಎಷ್ಟು ವಿಸ್ತಾರವಾಗಿದೆಯೆಂದರೆ, ಆಟಗಾರರನ್ನು ಹುಡುಕಲು ಇದನ್ನು ಬಳಸಿಕೊಳ್ಳುವ ಒಪ್ಪಂದವನ್ನು ಇಂಗ್ಲೆಂಡಿನ ಎವರ್ಟನ್ ಕ್ಲಬ್ 2008ರಲ್ಲಿ ಮಾಡಿಕೊಂಡಿತು.

ಗಣಿತ ಶಿಕ್ಷಕರಿಗೆ ಮುಖ್ಯವಾದದ್ದು ಇನ್ನು ಮುಂದಿನದು. ಆಟಗಾರನ ಒಟ್ಟು ಸಾಮರ್ಥ್ಯಕ್ಕೆ ಆಟ ತನ್ನೊಳಗೆ 200ರವರೆಗಿನ ಒಂದು ಗುಪ್ತ ಸಂಖ್ಯೆ ಇಟ್ಟುಕೊಂಡಿರುತ್ತದೆ. ಅದರಲ್ಲಿ 36 ಗುಣಗಳಿಗೂ ಸಮಪಾಲಿಲ್ಲ. ಗೋಲಿಗೆ ಹೊಡೆಯುವ ಗುಣಕ್ಕೆ ಮುನ್ನಡೆ ಆಟಗಾರನಲ್ಲಿ ಹೆಚ್ಚು ತೂಕ, ರಕ್ಷಣೆಯವನಲ್ಲಿ ಕಡಿಮೆ. ಅಂದರೆ ಆಟಗಾರ ಎಲ್ಲಿ ನಿಲ್ಲುತ್ತಾನೆ ಎಂಬುದರ ಮೇಲೆ ತೂಕ ಬದಲಾಗುತ್ತದೆ. ನಮ್ಮ ತಂತ್ರವೂ ಹಾಗೆಯೇ ಕೆಲಸ ಮಾಡುತ್ತದೆ. ಎದುರಾಳಿಯನ್ನು ಅವರ ಅಂಗಳದಲ್ಲೇ ಮುತ್ತಿಗೆ ಹಾಕಬೇಕೆಂದರೆ ದಮ್ಮು ಮತ್ತು ಬಿಡದೆ ದುಡಿಯುವ ಗುಣ ಬೇಕು. ರಕ್ಷಣಾ ಸಾಲನ್ನು ಮೈದಾನದ ನಡುವಿನವರೆಗೆ ಮುಂದೆ ತಂದರೆ ಹಿಂದೆ ಬಯಲು ಉಳಿಯುತ್ತದೆ. ಆ ಬಯಲಿಗೆ ಬಿದ್ದ ಚೆಂಡನ್ನು ಬೆನ್ನಟ್ಟಲು ರಕ್ಷಣೆಯವರಿಗೂ ವೇಗ ಬೇಕಾಗುತ್ತದೆ. ಅದೇ ಸಾಲನ್ನು ಗೋಲಿನ ಹತ್ತಿರ ನಿಲ್ಲಿಸಿದರೆ ಮೇಲಿನಿಂದ ಬರುವ ಚೆಂಡುಗಳೇ ಹೆಚ್ಚು. ಆಗ ವೇಗಕ್ಕಿಂತ ಜಿಗಿತ ಮುಖ್ಯ. ಒಬ್ಬ ಆಟಗಾರ ಒಳ್ಳೆಯವನೋ ಅಲ್ಲವೋ ಎಂಬುದಕ್ಕೆ, ಯಾವ ಕೆಲಸಕ್ಕೆ ಎಂದು ಹೇಳದೆ ಉತ್ತರವಿಲ್ಲ.

ಪಾಠ ಯೋಜನೆಯ ಸಾರಾಂಶ

ಘಟಕ: ಸಂಖ್ಯಾಶಾಸ್ತ್ರ. ಉಪಘಟಕ: ಸರಾಸರಿ. ಅವಧಿ: 40 ನಿಮಿಷಗಳ ಮೂರು ತರಗತಿಗಳು.

ಪೂರ್ವಜ್ಞಾನ: ಬಿಡಿ ಪ್ರಾಪ್ತಾಂಕಗಳ ಸರಾಸರಿ, ಆವೃತ್ತಿ ಕೋಷ್ಟಕ, ವರ್ಗಾಂತರದ ಮಧ್ಯಬಿಂದು.

ಕಲಿಕಾ ಫಲಗಳು: ಆವೃತ್ತಿಯನ್ನೂ ತೂಕವನ್ನೂ ಒಂದೇ ಲೆಕ್ಕದ ಎರಡು ರೂಪಗಳೆಂದು ಗುರುತಿಸುವುದು, ತೂಕದ ಸರಾಸರಿ ಲೆಕ್ಕಿಸಿ ಉತ್ತರವನ್ನು ತಾವೇ ತಾಳೆ ನೋಡುವುದು, ಒಂದು ಸರಾಸರಿ ಕೊಟ್ಟಾಗ ‘ಈ ತೂಕ ಇಟ್ಟವರು ಯಾರು, ಯಾವ ಕೆಲಸಕ್ಕೆ?’ ಎಂದು ಕೇಳುವುದು.

ಸಾಮಗ್ರಿ: ಹಳೆಯ ಆಹ್ವಾನ ಪತ್ರಿಕೆಗಳ ರಟ್ಟಿನಿಂದ ಮಾಡಿದ ಆಟಗಾರ ಚೀಟಿಗಳು, ಪ್ರತಿ ಗುಂಪಿಗೆ ಒಂದು ತೂಕದ ಹಾಳೆ, ಕಪ್ಪು ಹಲಗೆಯ ಮೇಲೆ ಮೈದಾನದ ಚಿತ್ರ.

36 ಗುಣಗಳು ತರಗತಿಗೆ ಭಾರ. ಆರು ಗುಣಗಳನ್ನು ಮಾತ್ರ ಉಳಿಸಿಕೊಂಡೆ. ಚೀಟಿಯಲ್ಲಿರುವ ಸಂಖ್ಯೆಗಳು ಪಾಠಕ್ಕಾಗಿ ನಾನೇ ಕಟ್ಟಿದವು. ನಿಜವಾದ ಯಾವ ಆಟಗಾರನವೂ ಅಲ್ಲ.

ಚೀಟಿ ಅ: ವೇಗ 17, ದಮ್ಮು 12, ಜಿಗಿತ 7, ಪಾಸ್ 10, ಹೊಡೆತ 15, ನಿರ್ಧಾರ 11.
ಚೀಟಿ ಬ: ವೇಗ 9, ದಮ್ಮು 14, ಜಿಗಿತ 11, ಪಾಸ್ 16, ಹೊಡೆತ 8, ನಿರ್ಧಾರ 14.
ಚೀಟಿ ಕ: ವೇಗ 12, ದಮ್ಮು 11, ಜಿಗಿತ 17, ಪಾಸ್ 10, ಹೊಡೆತ 11, ನಿರ್ಧಾರ 11.
ಚೀಟಿ ಡ: ಆರು ಗುಣಗಳೂ 12.

ಮೊದಲ ಅವಧಿ: ಎಲ್ಲರೂ 12

‘ಈ ನಾಲ್ವರಲ್ಲಿ ಯಾರು ಉತ್ತಮ?’ ಎಂಬ ಒಂದೇ ಪ್ರಶ್ನೆಯೊಡನೆ ನಾಲ್ಕೂ ಚೀಟಿಗಳನ್ನು ಹಲಗೆಯ ಮೇಲೆ ಬರೆದೆ. ಮಕ್ಕಳು ಸರಾಸರಿ ಹಾಕಿದರು. ಪ್ರತಿಯೊಂದರ ಮೊತ್ತವೂ 72, ಸರಾಸರಿಯೂ 12. ‘ಎಲ್ಲಾರೂ ಸೇಮ್ ಮಿಸ್’ ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. ‘ಹಾಗಾದರೆ ಚೀಟಿ ಎತ್ತಿ ಯಾರನ್ನಾದರೂ ಆಡಿಸಬಹುದೇ?’ ಎಂದಾಗ ಒಪ್ಪಲಿಲ್ಲ. 17ರ ವೇಗದವನನ್ನು ಮುಂದೆ ಬಿಡಬೇಕು, 17ರ ಜಿಗಿತದವನನ್ನು ಹಿಂದೆ ನಿಲ್ಲಿಸಬೇಕು ಎಂದರು. ಸಂಖ್ಯೆ ಹೇಳದ ಒಂದು ವಿಷಯ ಅವರಿಗೆ ಆಗಲೇ ಗೊತ್ತಿತ್ತು. ಅದನ್ನು ಸಂಖ್ಯೆಯೊಳಗೆ ತರುವುದಷ್ಟೇ ಉಳಿದಿತ್ತು.

ರಕ್ಷಣೆಯವರ ಬೆನ್ನ ಹಿಂದಕ್ಕೆ ಓಡಿ ಗೋಲು ಹೊಡೆಯುವವನ ಕೆಲಸಕ್ಕೆ ಹೀಗೆ ತೂಕ ಇಟ್ಟೆವು: ವೇಗ 4, ಹೊಡೆತ 4, ಉಳಿದ ನಾಲ್ಕಕ್ಕೂ 1. ಒಟ್ಟು ತೂಕ 12. ಸೂತ್ರ ಹೇಳಲಿಲ್ಲ. ‘ವೇಗ ನಾಲ್ಕು ಪಟ್ಟು ಮುಖ್ಯವಾದರೆ 17ನ್ನು ನಾಲ್ಕು ಸಲ ಬರೆಯಿರಿ’ ಎಂದೆ. ಚೀಟಿ ಅ ಹೀಗೆ ಬಿಚ್ಚಿಕೊಂಡಿತು: 17, 17, 17, 17, 12, 7, 10, 15, 15, 15, 15, 11. ಹನ್ನೆರಡು ಸಂಖ್ಯೆಗಳು, ಮೊತ್ತ 168, ಸರಾಸರಿ 14. ಇದನ್ನು ಬರೆದು ಮುಗಿಸುವ ಮೊದಲೇ ಒಂದು ಗುಂಪು ‘ನಾಲ್ಕು ಸಲ ಯಾಕೆ ಬರೀಬೇಕು, ಗುಣಿಸಿದರೆ ಆಯ್ತಲ್ಲ’ ಎಂದಿತು. ಎರಡನೇ ಕಾಲಂ ಏಕೆ ಇದೆ ಎಂಬ ಪ್ರಶ್ನೆಗೆ ಉತ್ತರ ಅವರಿಂದಲೇ ಬಂತು. ಐದು ಮಕ್ಕಳಿಗೆ 17 ಅಂಕ ಬಂದಿದ್ದರೆ ಆವೃತ್ತಿ 5. ವೇಗಕ್ಕೆ ನಾಲ್ಕು ಪಟ್ಟು ಬೆಲೆ ಕೊಟ್ಟರೆ ತೂಕ 4. ಎರಡರಲ್ಲೂ ಒಂದು ಸಂಖ್ಯೆ ಎಷ್ಟು ಸಲ ಎಣಿಕೆಗೆ ಬರುತ್ತದೆ ಎಂಬುದೇ ವಿಷಯ. ವ್ಯತ್ಯಾಸ ಒಂದೇ: ಆವೃತ್ತಿಯನ್ನು ನಾವು ಎಣಿಸುತ್ತೇವೆ, ತೂಕವನ್ನು ನಾವು ನಿರ್ಧರಿಸುತ್ತೇವೆ.

ಇಲ್ಲಿ ನಿರೀಕ್ಷಿಸಬಹುದಾದ ದೋಷವೊಂದಿದೆ. ಗುಣಗಳು ಆರು ಇರುವುದರಿಂದ ಮಕ್ಕಳು 168ನ್ನು 6ರಿಂದ ಭಾಗಿಸುತ್ತಾರೆ. ಉತ್ತರ 28. ಇದನ್ನು ತಿದ್ದುವ ಅಗತ್ಯ ಬರಲಿಲ್ಲ. ಅಳತೆ 20ಕ್ಕೇ ನಿಲ್ಲುತ್ತದೆ ಎಂದು ಪಕ್ಕದ ಹುಡುಗಿಯೇ ಎತ್ತಿ ತೋರಿಸಿದಳು. ಸರಾಸರಿ ಎಂದೂ ಅತಿ ದೊಡ್ಡ ಪ್ರಾಪ್ತಾಂಕವನ್ನು ಮೀರಲಾರದು, ಅತಿ ಚಿಕ್ಕದಕ್ಕಿಂತ ಕೆಳಗಿಳಿಯಲಾರದು. ಪಠ್ಯಪುಸ್ತಕದ ಯಾವ ಲೆಕ್ಕದಲ್ಲೂ ಉಪಯೋಗಕ್ಕೆ ಬರುವ ತಾಳೆ ಇದು.

ಎರಡನೆಯ ಅವಧಿ: ಮೂರು ಕೆಲಸ, ಮೂರು ಪಟ್ಟಿ

ತರಗತಿಯನ್ನು ಆರು ಗುಂಪು ಮಾಡಿ ಮೂರು ಕೆಲಸಗಳನ್ನು ಹಂಚಿದೆ. ಮೊದಲನೆಯದು ಮೇಲೆ ಹೇಳಿದ ಮುನ್ನಡೆ ಆಟಗಾರ. ಎರಡನೆಯದು ಆಟವನ್ನು ನಡೆಸುವ ಮಧ್ಯದವನು: ವೇಗ 1, ದಮ್ಮು 2, ಜಿಗಿತ 1, ಪಾಸ್ 4, ಹೊಡೆತ 1, ನಿರ್ಧಾರ 3. ಮೂರನೆಯದು ಗೋಲಿನ ಮುಂದೆ ನಿಂತು ಮೇಲಿನ ಚೆಂಡು ತಡೆಯುವವನು: ವೇಗ 2, ದಮ್ಮು 1, ಜಿಗಿತ 5, ಪಾಸ್ 1, ಹೊಡೆತ 0, ನಿರ್ಧಾರ 3. ಎಲ್ಲದರಲ್ಲೂ ಒಟ್ಟು ತೂಕ 12.

ಬಂದ ಉತ್ತರಗಳು ಇವು. ಮುನ್ನಡೆಗೆ: ಅ 14, ಡ 12, ಕ 11.75, ಬ 10.25. ಮಧ್ಯಕ್ಕೆ: ಬ 13.5, ಡ 12, ಅ 11.33, ಕ 11.25. ರಕ್ಷಣೆಗೆ: ಕ 13.58, ಬ 12.08, ಡ 12, ಅ 10.33.

ಮೂರು ಪಟ್ಟಿಗಳನ್ನು ಅಕ್ಕಪಕ್ಕ ಬರೆದಾಗ ಮಕ್ಕಳೇ ಎತ್ತಿದ ಮೂರು ಮಾತುಗಳು ಪಾಠವನ್ನು ಮುಂದಕ್ಕೆ ಒಯ್ದವು.

ಮೊದಲನೆಯದು: ಹಿಂದಿನ ದಿನ ಸಮವಾಗಿದ್ದವರು ಇಂದು ಒಬ್ಬೊಬ್ಬರು ಒಂದೊಂದು ಕಡೆ ಮೊದಲಿಗರು. ಚೀಟಿಯಲ್ಲಿ ಒಂದು ಸಂಖ್ಯೆಯೂ ಬದಲಾಗಿಲ್ಲ. ಬದಲಾದದ್ದು ನಾವು ಕೇಳಿದ ಪ್ರಶ್ನೆ.

ಎರಡನೆಯದು: ‘ಅವನ ಹೊಡೆತ 15 ಇದೆ ಮಿಸ್, ಅದನ್ನ ಸೊನ್ನೆ ಮಾಡಿಬಿಟ್ರಲ್ಲ.’ ಇದು ಬಹಳ ಒಳ್ಳೆಯ ಆಕ್ಷೇಪ. ತೂಕ ಸೊನ್ನೆ ಎಂದರೆ ಗುಣ ಸೊನ್ನೆ ಎಂದಲ್ಲ. ಬಿಚ್ಚಿ ಬರೆದ ಪಟ್ಟಿಯಲ್ಲಿ 15 ಒಂದು ಸಲವೂ ಬರುವುದಿಲ್ಲ, ಅಷ್ಟೆ. ಈ ಕೆಲಸಕ್ಕೆ ನಾವು ಅದನ್ನು ನೋಡಲಿಲ್ಲ. ಅವನ ಹೊಡೆತ ಹಾಗೆಯೇ ಇದೆ. ಪ್ರಾಪ್ತಾಂಕ 0 ಆಗುವುದಕ್ಕೂ ಆವೃತ್ತಿ 0 ಆಗುವುದಕ್ಕೂ ಇರುವ ವ್ಯತ್ಯಾಸವನ್ನು ಹೇಳಿಕೊಡಲು ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ.

ಮೂರನೆಯದು: ಚೀಟಿ ಡ ಎಲ್ಲ ಕಡೆಯೂ 12. ತೂಕವನ್ನು ಹೇಗೆ ಬದಲಿಸಿದರೂ ಅಲುಗುವುದಿಲ್ಲ. ಎಲ್ಲ ಪ್ರಾಪ್ತಾಂಕಗಳೂ ಒಂದೇ ಆಗಿದ್ದರೆ ಯಾವ ತೂಕಕ್ಕೂ ಸರಾಸರಿ ಅದೇ ಎಂಬ ನಿಯಮವನ್ನು ಮಕ್ಕಳು ಬೇರೆ ಬೇರೆ ತೂಕಗಳಿಂದ ಪರೀಕ್ಷಿಸಿ ತಾವೇ ಹೇಳಿದರು. ‘ಅವನು ಎಲ್ಲೂ ಫಸ್ಟ್ ಬರಲ್ಲ’ ಎಂದು ಒಬ್ಬ; ‘ಯಾರು ಬಿದ್ದರೂ ಅವನನ್ನ ಹಾಕಬಹುದು’ ಎಂದು ಇನ್ನೊಬ್ಬಳು. ಆಟದಲ್ಲಿ ಬದಲಿ ಆಟಗಾರರ ಬೆಂಚು ಇರುವುದೇ ಇಂಥವರಿಗಾಗಿ.

ನಂತರ ಗುಂಪುಗಳೇ ತಂತ್ರ ಆರಿಸಿ, ತೂಕ ಇಟ್ಟು, ಹೊಸ ಚೀಟಿಗಳಿಂದ ಆಟಗಾರನನ್ನು ಆರಿಸುವ ಚಟುವಟಿಕೆ. ಇದಕ್ಕೆ ಒಂದೇ ನಿಯಮ: ತೂಕದ ಹಾಳೆಗೆ ಗುಂಪಿನವರೆಲ್ಲ ಸಹಿ ಮಾಡಿ ನನ್ನ ಕೈಗೆ ಕೊಟ್ಟ ಮೇಲೆಯೇ ಚೀಟಿಗಳು ಸಿಗುತ್ತವೆ. ಚೀಟಿ ಮೊದಲು ಸಿಕ್ಕರೆ, ಕಣ್ಣಿಗೆ ಹಿಡಿಸಿದ ಚೀಟಿ ಗೆಲ್ಲುವಂತೆ ತೂಕ ಇಡುವುದು ಬಹಳ ಸುಲಭ. ಅ, ಬ, ಕ ಮೂವರಲ್ಲಿ ಯಾರನ್ನು ಬೇಕಾದರೂ ಗೆಲ್ಲಿಸುವ ತೂಕ ಇದೆ ಎಂದು ಮೇಲಿನ ಮೂರು ಪಟ್ಟಿಗಳೇ ಹೇಳುತ್ತವೆ. ಲೆಕ್ಕ ಸರಿಯಾಗಿದ್ದೂ ಆಯ್ಕೆ ಅನ್ಯಾಯವಾಗಬಹುದು ಎಂಬುದು ಹದಿನೈದು ವರ್ಷದ ಮಕ್ಕಳಿಗೆ ಇಲ್ಲಿ ಕೈಗೆ ಸಿಗುತ್ತದೆ.

ಮೂರನೆಯ ಅವಧಿ: ಗೊತ್ತಿಲ್ಲದ ಸಂಖ್ಯೆ, ಏರಿಳಿಯುವ ಸಂಖ್ಯೆ

ಆಟದಲ್ಲಿ ನಮಗೆ ಪರಿಚಯವಿಲ್ಲದ ಆಟಗಾರನ ಗುಣ ಒಂದೇ ಸಂಖ್ಯೆಯಾಗಿ ಕಾಣುವುದಿಲ್ಲ, ಒಂದು ವ್ಯಾಪ್ತಿಯಾಗಿ ಕಾಣುತ್ತದೆ. ಸ್ಕೌಟ್‌ನನ್ನು ಕಳಿಸಿ ನೋಡಿಸಿದಷ್ಟೂ ವ್ಯಾಪ್ತಿ ಕಿರಿದಾಗುತ್ತದೆ. ವರ್ಗೀಕೃತ ದತ್ತಾಂಶದ ಪಾಠಕ್ಕೆ ಇದು ನೇರ ಬಾಗಿಲು. ಚೀಟಿ ಅ ಯಲ್ಲಿ ವೇಗವನ್ನು ‘14ರಿಂದ 20’ ಎಂದೂ ಜಿಗಿತವನ್ನು ‘4ರಿಂದ 10’ ಎಂದೂ ಬದಲಿಸಿದೆ. ಮಧ್ಯಬಿಂದುಗಳು 17 ಮತ್ತು 7. ಎರಡರಲ್ಲೂ ಅನಿಶ್ಚಿತತೆ ಒಂದೇ: ಮೂರು ಮೇಲೆ, ಮೂರು ಕೆಳಗೆ.

ಪ್ರಶ್ನೆ: ‘ಸ್ಕೌಟ್ ಒಂದೇ ಗುಣವನ್ನು ನೋಡಿಬರಬಲ್ಲ. ಯಾವುದನ್ನು ನೋಡಲು ಹೇಳುತ್ತೀರಿ?’ ಮುನ್ನಡೆಯ ಕೆಲಸದಲ್ಲಿ ವೇಗದ ತೂಕ 4. ಆದ್ದರಿಂದ 3ರ ವ್ಯತ್ಯಾಸ ಸರಾಸರಿಯನ್ನು 12ರಲ್ಲಿ 12 ಭಾಗ, ಅಂದರೆ ಪೂರ್ತಿ 1ರಷ್ಟು ಅಲುಗಿಸುತ್ತದೆ. ಜಿಗಿತದ ತೂಕ 1. ಅದೇ 3ರ ವ್ಯತ್ಯಾಸ ಅಲುಗಿಸುವುದು 0.25ರಷ್ಟು ಮಾತ್ರ. ರಕ್ಷಣೆಯ ಕೆಲಸದಲ್ಲಿ ಇದು ತಿರುಗಿಬೀಳುತ್ತದೆ: ವೇಗದಿಂದ 0.5, ಜಿಗಿತದಿಂದ 1.25. ತೂಕ ಹೆಚ್ಚಿರುವ ಕಡೆ ನಮ್ಮ ಅಜ್ಞಾನಕ್ಕೂ ಬೆಲೆ ಹೆಚ್ಚು. ವರ್ಗಾಂತರದ ಮಧ್ಯಬಿಂದು ಒಂದು ಊಹೆ ಎಂಬುದನ್ನೂ, ಆ ಊಹೆ ಯಾವಾಗ ದುಬಾರಿಯಾಗುತ್ತದೆ ಎಂಬುದನ್ನೂ ಮಕ್ಕಳು ಇಲ್ಲಿ ಲೆಕ್ಕ ಹಾಕಿ ನೋಡಿದರು.

ಎರಡನೆಯ ಚಟುವಟಿಕೆ ಸ್ಥಿರತೆಯ ಬಗ್ಗೆ. ಆಟದಲ್ಲಿ ಕಾಣದ ಗುಣಗಳೂ ಇವೆ: ಸ್ಥಿರತೆ, ದೊಡ್ಡ ಪಂದ್ಯದಲ್ಲಿ ಆಡುವ ರೀತಿ, ಗಾಯಗೊಳ್ಳುವ ಪ್ರವೃತ್ತಿ ಇತ್ಯಾದಿ. ಇವು ಆಟಗಾರನ ಪುಟದಲ್ಲಿ ಸಂಖ್ಯೆಯಾಗಿ ಕಾಣವು. ಪಂದ್ಯಗಳಲ್ಲಿ ಆಟಗಾರನಿಗೆ ಸಿಗುವ, ಗರಿಷ್ಠ 10ರ ಅಂಕಗಳಿಂದ ನಾವೇ ಊಹಿಸಬೇಕು. ಇಬ್ಬರ ಐದು ಪಂದ್ಯಗಳ ಅಂಕ ಕೊಟ್ಟೆ. ಒಬ್ಬನದು 7, 7, 7, 7, 7. ಇನ್ನೊಬ್ಬನದು 9, 5, 9, 5, 7. ಸರಾಸರಿ ಇಬ್ಬರದೂ 7. ವ್ಯಾಪ್ತಿ ಒಬ್ಬನದು 0, ಇನ್ನೊಬ್ಬನದು 4. ಡ್ರಾ ಸಾಕಾದ ಪಂದ್ಯಕ್ಕೆ ಮೊದಲನೆಯವನು, ಗೆಲ್ಲಲೇಬೇಕಾದ ಪಂದ್ಯಕ್ಕೆ ಎರಡನೆಯವನು ಎಂದು ಹೆಚ್ಚಿನ ಗುಂಪುಗಳು ಹೇಳಿದವು. ಒಂದು ಗುಂಪು ಒಪ್ಪಲಿಲ್ಲ: 5 ಬರುವ ದಿನವೇ ಅದಾದರೆ? ಈ ವಾದವನ್ನು ಮುಗಿಸಿಕೊಡಲು ನಾನು ಹೋಗಲಿಲ್ಲ. ಸರಾಸರಿ ಒಂದೇ ಸಾಲದು, ಚದುರುವಿಕೆಯೂ ಬೇಕು ಎಂಬುದು ಅವರ ಮಾತಿನಲ್ಲೇ ಬಂದಿತ್ತು.

ಫುಟ್‌ಬಾಲ್ ನೋಡದ ಮಕ್ಕಳಿಗೆ ಕಬಡ್ಡಿಯ ಹಾಳೆ ಸಿದ್ಧವಿತ್ತು. ರೈಡರ್‌ಗೆ ಯಾವ ಗುಣಕ್ಕೆ ಎಷ್ಟು ತೂಕ, ಮೂಲೆಯಲ್ಲಿ ನಿಂತು ಕಾಲು ಹಿಡಿಯುವವರಿಗೆ ಎಷ್ಟು? ಶಾಲಾ ತಂಡದಲ್ಲಿ ಆಡುವ ಹುಡುಗಿಯೊಬ್ಬಳು ‘ಉಸಿರು’ ಎಂಬ ಗುಣವನ್ನು ತಾನೇ ಸೇರಿಸಿ ಅದಕ್ಕೆ 4 ತೂಕ ಕೊಟ್ಟಳು. ಗುಣಗಳ ಪಟ್ಟಿಯನ್ನೇ ಬದಲಿಸಬಹುದು ಎಂದು ಬೇರೆ ಯಾರಿಗೂ ಹೊಳೆದಿರಲಿಲ್ಲ.

ಮಾದರಿಯ ಮಿತಿ

ತೂಕದ ಸರಾಸರಿಯೇ ಆಟದ ಪೂರ್ತಿ ಕಥೆಯಲ್ಲ. ಇದನ್ನು ಮಕ್ಕಳಿಗೂ ಹೇಳಬೇಕು. ಪಂದ್ಯ ನಡೆಯುವಾಗ ಗುಣಗಳು ಒಂದರ ಮೇಲೊಂದು ಆತುಕೊಂಡಿರುತ್ತವೆ. 17ರ ವೇಗದವನು ಮುಂದಿದ್ದರೂ ಅವನ ಓಟಕ್ಕೆ ಸರಿಯಾಗಿ ಚೆಂಡು ಕೊಡುವವನು ಹಿಂದಿಲ್ಲದಿದ್ದರೆ ವೇಗ ಕೆಲಸಕ್ಕೆ ಬಾರದು. ಕೂಡುವ ಲೆಕ್ಕದಲ್ಲಿ ಒಂದು ಗುಣದ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತದೆ. ಮೈದಾನದಲ್ಲಿ ಯಾವಾಗಲೂ ಹಾಗಾಗುವುದಿಲ್ಲ. ನಾಲ್ವರು ಅ ಚೀಟಿಯವರನ್ನು ಒಟ್ಟಿಗೆ ಆಡಿಸಿದರೆ ತಂಡದ ಸರಾಸರಿ ಕುಗ್ಗುವುದಿಲ್ಲ, ತಂಡ ಕುಗ್ಗುತ್ತದೆ.

ಮಕ್ಕಳಿಗೆ ಚೀಟಿ ಮಾಡಲಿಲ್ಲ

ಎರಡನೆಯ ಅವಧಿಯ ಕೊನೆಗೆ ಬಂದ ಬೇಡಿಕೆ ನಿರೀಕ್ಷಿತವೇ: ‘ನಮ್ಮ ಕ್ಲಾಸಿನವರಿಗೂ ಚೀಟಿ ಮಾಡೋಣ ಮಿಸ್.’ ಇದಕ್ಕೆ ಅವಕಾಶವಿಲ್ಲ ಎಂದು ಯೋಜನೆಯಲ್ಲೇ ಬರೆದುಕೊಂಡಿದ್ದೆ. ಕಾರಣವನ್ನು ಆಟದಿಂದಲೇ ಹೇಳಿದೆ.

ಆಟದೊಳಗೆ ಇನ್ನೂ ಒಂದು ಗುಪ್ತ ಸಂಖ್ಯೆ ಇದೆ: ಆಟಗಾರ ಮುಂದೆ ಎಷ್ಟು ಎತ್ತರಕ್ಕೆ ಏರಬಲ್ಲ ಎಂಬ ಮಿತಿ. ಹೊಸ ಆಟ ಶುರುವಾದಾಗ ಅದು ನಿಗದಿಯಾಗಿರುತ್ತದೆ. ಎಷ್ಟೇ ತರಬೇತಿ ಕೊಟ್ಟರೂ ಆಟಗಾರ ಅದನ್ನು ದಾಟಲಾರ. ಈ ಅಂದಾಜು ಮಾಡುವವರು ಬಲ್ಲವರೇ. ಆದರೂ ಹಳೆಯ ಚಾಂಪಿಯನ್‌ಶಿಪ್ ಮ್ಯಾನೇಜರ್‌ನಲ್ಲಿ ಜಗತ್ತಿನ ಶ್ರೇಷ್ಠರ ಸಾಲಿಗೆ ಏರುತ್ತಿದ್ದ ಹುಡುಗ ಚೆರ್ನೊ ಸಾಂಬಾ ನಿಜ ಜೀವನದಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. 14ನೆಯ ವಯಸ್ಸಿಗೇ ಅಮೆರಿಕದ ವೃತ್ತಿಪರ ಲೀಗ್‌ನಲ್ಲಿ ಆಡಿದ ಫ್ರೆಡ್ಡಿ ಅಡು ಆಟದಲ್ಲೂ ಪತ್ರಿಕೆಗಳಲ್ಲೂ ಭವಿಷ್ಯದ ತಾರೆ. ಮುಂದೆ ಅವನು ಕ್ಲಬ್‌ನಿಂದ ಕ್ಲಬ್‌ಗೆ ಅಲೆಯಬೇಕಾಯಿತು. ಇನ್ನೊಂದು ಕಡೆ ಜೇಮಿ ವಾರ್ಡಿ 25ನೆಯ ವಯಸ್ಸಿನವರೆಗೂ ಇಂಗ್ಲೆಂಡಿನ ಐದನೆಯ ಮತ್ತು ಅದಕ್ಕೂ ಕೆಳಗಿನ ಹಂತಗಳಲ್ಲಿ ಆಡುತ್ತಿದ್ದವನು. 2012ರಲ್ಲಿ ಲೆಸ್ಟರ್ ಸಿಟಿ ಸೇರಿ 2016ರಲ್ಲಿ ಆ ತಂಡದೊಡನೆ ಪ್ರೀಮಿಯರ್ ಲೀಗ್ ಗೆದ್ದ.

ಆಟಕ್ಕೆ ಅಂಥದೊಂದು ಸಂಖ್ಯೆ ಬೇಕು, ಇಲ್ಲದಿದ್ದರೆ ಆಟ ನಡೆಯುವುದಿಲ್ಲ. ತರಗತಿಗೆ ಬೇಡ. ಪಕ್ಕದಲ್ಲಿ ಕೂತವನ ‘ನಿರ್ಧಾರ 6’ ಎಂದು ರಟ್ಟಿನ ಮೇಲೆ ಬರೆದರೆ ಅದು ಅವಧಿ ಮುಗಿದ ಮೇಲೂ ಅಳಿಸುವುದಿಲ್ಲ. ಅದರ ಬದಲು ಮಕ್ಕಳಿಗೆ ವ್ಯಕ್ತಿಗಳಿಲ್ಲದ ಕೆಲಸಗಳನ್ನು ಕೊಟ್ಟೆ: ಶಾಲಾ ವಾರ್ಷಿಕೋತ್ಸವದ ನಿರೂಪಣೆಗೆ ಏನೇನು ಬೇಕು, ಕೈತೋಟ ನೋಡಿಕೊಳ್ಳಲು ಏನು ಬೇಕು, ತೂಕ ಎಷ್ಟೆಷ್ಟು? ಕೆಲಸವನ್ನು ಅಳೆದರು, ಮನುಷ್ಯರನ್ನು ಅಳೆಯಲಿಲ್ಲ. ಕೈತೋಟದ ಹಾಳೆಯಲ್ಲಿ ಬಹುತೇಕ ಗುಂಪುಗಳು ‘ಮರೆಯದೆ ಬರುವುದು’ ಎಂಬುದಕ್ಕೆ ಅತಿ ಹೆಚ್ಚು ತೂಕ ಇಟ್ಟಿದ್ದವು.

ಅಂಕಪಟ್ಟಿಯ ತೂಕ

ಮೂರನೆಯ ಅವಧಿಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ: ‘ನಮ್ಮ ಎಸ್ಸೆಸ್ಸೆಲ್ಸಿ ಮಾರ್ಕ್ಸಿಗೂ ತೂಕ ಇದೆಯಾ ಮಿಸ್?’ ಇದೆ. 625 ಅಂಕಗಳ ಲೆಕ್ಕದಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಅಂದರೆ ಪ್ರಥಮ ಭಾಷೆಯ ಪಾಲು ಶೇಕಡಾ 20, ಉಳಿದವುಗಳದು ತಲಾ 16. ಪ್ರಥಮ ಭಾಷೆಯಲ್ಲಿ ಶೇಕಡಾ 88, ಉಳಿದೆಲ್ಲದರಲ್ಲಿ 70 ಪಡೆದವರಿಗೆ ಶೇಕಡಾವಾರುಗಳ ಸರಳ ಸರಾಸರಿ 73. ಅಂಕಪಟ್ಟಿ ಕೊಡುವುದು 625ಕ್ಕೆ 460, ಅಂದರೆ 73.6. ಪ್ರಥಮ ಭಾಷೆಯಲ್ಲಿ 60, ಉಳಿದೆಲ್ಲದರಲ್ಲಿ 72 ಪಡೆದವರ ಸರಳ ಸರಾಸರಿ 70, ಅಂಕಪಟ್ಟಿಯಲ್ಲಿ 69.6. ವ್ಯತ್ಯಾಸ ಚಿಕ್ಕದು, ಆದರೆ ಇದೆ. ಅದನ್ನು ಯಾರೋ ಒಂದು ಉದ್ದೇಶದಿಂದ ನಿರ್ಧರಿಸಿದ್ದಾರೆ. ಅದೇ ವಿದ್ಯಾರ್ಥಿಗಳು ಮುಂದೆ ಎಂಜಿನಿಯರಿಂಗ್ ಸೀಟಿಗೆ ಹೋದರೆ ಪಿಯುಸಿಯ ವಿಜ್ಞಾನ ವಿಷಯಗಳ ಅಂಕಗಳಿಗೆ ಅರ್ಧ, ಸಿಇಟಿ ಅಂಕಗಳಿಗೆ ಅರ್ಧ ತೂಕ. ಅಲ್ಲಿ ಭಾಷೆಯ ತೂಕ ಸೊನ್ನೆ. ಮಗು ಅದೇ, ಚೀಟಿ ಅದೇ, ಕೆಲಸ ಬೇರೆ.

ಹತ್ತನೆಯ ತರಗತಿಯ ಮಕ್ಕಳು ತಮ್ಮನ್ನು ಒಂದೇ ಶೇಕಡಾವಾರಿನಿಂದ ಕರೆದುಕೊಳ್ಳಲು ಆಗಲೇ ಕಲಿತಿರುತ್ತಾರೆ. ‘ನಾನು ಐವತ್ತೈದರವನು’ ಎಂಬ ಮಾತು ಶಾಲೆಯ ಜಗಲಿಯಲ್ಲಿ ಕೇಳುತ್ತದೆ. ಆ ಸಂಖ್ಯೆ ಸುಳ್ಳು ಎಂದು ಹೇಳಿ ಸಮಾಧಾನ ಮಾಡುವುದು ಗಣಿತ ಶಿಕ್ಷಕರ ಕೆಲಸವಲ್ಲ. ಪ್ರವೇಶದ ಪಟ್ಟಿಯಲ್ಲಿ ಆ ಸಂಖ್ಯೆಯೇ ನಡೆಯುತ್ತದೆ. ಆದರೆ ಅದು ಯಾವ ತೂಕದಿಂದ ಬಂತು, ಬೇರೆ ಕೆಲಸಕ್ಕೆ ಬೇರೆ ತೂಕ ಇಟ್ಟರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡುವ ಶಕ್ತಿಯನ್ನು ನಾವು ಕೊಡಬಹುದು. ಅದು ಪಠ್ಯದೊಳಗೇ ಇದೆ, ಎರಡನೇ ಕಾಲಂನಲ್ಲಿ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳು

ಒಂದು, ಸಂಖ್ಯೆಗಳನ್ನು ಮೊದಲೇ ಕಟ್ಟಿಕೊಳ್ಳಿ. ಎಲ್ಲ ಚೀಟಿಗಳ ಸರಳ ಸರಾಸರಿ ಒಂದೇ ಬರಬೇಕು. ಪ್ರತಿ ಕೆಲಸಕ್ಕೂ ಬೇರೆ ಚೀಟಿ ಮೊದಲು ಬರಬೇಕು. ಒಟ್ಟು ತೂಕ 12 ಅಥವಾ 10 ಇದ್ದರೆ ಭಾಗಾಕಾರದಲ್ಲಿ ಸಮಯ ಹೋಗುವುದಿಲ್ಲ.

ಎರಡು, ಸೂತ್ರವನ್ನು ಹಲಗೆಯ ಮೇಲೆ ಬರೆಯುವ ಮೊದಲು ಒಂದು ಚೀಟಿಯನ್ನಾದರೂ ಬಿಚ್ಚಿ ಬರೆಸಿ. ಬೇಸರವಾದಾಗ ಮಕ್ಕಳು ಗುಣಾಕಾರವನ್ನು ತಾವೇ ಕೇಳಿ ಪಡೆಯುತ್ತಾರೆ.

ಮೂರು, ಫುಟ್‌ಬಾಲ್ ಗೊತ್ತಿರುವ ಮಕ್ಕಳು ಒಂದೇ ಗುಂಪಿನಲ್ಲಿ ಸೇರದಂತೆ ನೋಡಿಕೊಳ್ಳಿ. ಕಬಡ್ಡಿ, ಖೊಖೊ, ವಾಲಿಬಾಲ್ ಯಾವುದಾದರೂ ಆಗುತ್ತದೆ.

ನಾಲ್ಕು, ತೂಕದ ಹಾಳೆಯನ್ನು ಮೊದಲು ತೆಗೆದುಕೊಂಡು ಆಮೇಲೆ ಚೀಟಿ ಕೊಡಿ. ಈ ನಿಯಮವನ್ನು ಸಡಿಲಿಸಿದರೆ ಪಾಠದ ಅರ್ಧ ಹೋಗುತ್ತದೆ.

ಐದನೆಯದು ನಮ್ಮದೇ ಮನೆಯ ವಿಷಯ. ಪ್ರಬಂಧ, ಪ್ರಾಜೆಕ್ಟ್, ಪ್ರಯೋಗ ಪುಸ್ತಕ ತಿದ್ದುವಾಗ ಯಾವ ಅಂಶಕ್ಕೆ ಎಷ್ಟು ಎಂದು ಮೊದಲ ಉತ್ತರಪತ್ರಿಕೆ ತೆರೆಯುವ ಮೊದಲೇ ಬರೆದಿಡೋಣ. ಅಂದವಾದ ಅಕ್ಷರದ ಪುಸ್ತಕ ಕೈಗೆ ಬಂದ ಮೇಲೆ ಅಂದಕ್ಕೆ ತೂಕ ಏರುವುದು ಸಹಜ. ಹಾಗೆಯೇ ನಮ್ಮ ಪಾಠ ವೀಕ್ಷಣಾ ನಮೂನೆಯಲ್ಲೂ ಪೀಠಿಕೆ, ಪ್ರಶ್ನಿಸುವ ಕೌಶಲ, ಹಲಗೆಯ ಬಳಕೆ, ಮಕ್ಕಳ ಭಾಗವಹಿಸುವಿಕೆ ಎಂದು ಅಂಶಗಳಿರುತ್ತವೆ, ಕೊನೆಗೆ ಒಂದು ಮೊತ್ತ. ಎಲ್ಲದಕ್ಕೂ ಸಮತೂಕವೇ? ಸಂಖ್ಯಾಶಾಸ್ತ್ರದ ಪಾಠಕ್ಕೂ ಪ್ರಯೋಗದ ಪಾಠಕ್ಕೂ ಒಂದೇ ತೂಕವೇ? ವೀಕ್ಷಣೆಗೆ ಮೊದಲು ಮಾರ್ಗದರ್ಶಕರೂ ಪ್ರಶಿಕ್ಷಣಾರ್ಥಿಯೂ ಐದು ನಿಮಿಷ ಕೂತು ‘ಈ ಪಾಠದಲ್ಲಿ ಯಾವುದಕ್ಕೆ ಹೆಚ್ಚು ತೂಕ’ ಎಂದು ಒಪ್ಪಿಕೊಂಡರೆ, ಪಾಠದ ನಂತರದ ಚರ್ಚೆ ಮೊತ್ತದ ಸುತ್ತ ನಿಲ್ಲದೆ ಪಾಠದ ಸುತ್ತ ನಡೆಯುತ್ತದೆ. ಮುಂದಿನ ಸುತ್ತಿನ ಅಭ್ಯಾಸ ಬೋಧನೆಯಲ್ಲಿ ನಮ್ಮ ಗಣಿತ ಗುಂಪು ಇದನ್ನು ಮಾಡಿ ನೋಡಲಿದೆ. ಆಸಕ್ತರು ಚೀಟಿಗಳ ಒಂದು ಕಟ್ಟನ್ನು ಗಣಿತ ವಿಭಾಗದಿಂದ ಪಡೆಯಬಹುದು.